ಹಾಡಿನ ಕೊನೆಯ ಹೆಸರು

ಜಮಾಲುದ್ದೀನ್ ಗಾಂಜಾ ಸಾಗಿಸುತ್ತಾನೆ ಎಂದು ನಮ್ಮ ಅಬ್ಬಾಗೆ ಯಾರೂ ಚಾಡಿ ಹೇಳಿರಲಿಲ್ಲ. ಅವನೇ ಹರಿಹರದ ಉರುಸಿನಲ್ಲಿ, ಅಷ್ಟು ಜನರ ಮುಂದೆ, ದಪ್ಪು ಬಡಿದು ಹಾಡಿದ್ದ.

ಹಸಿರೆಲೆ ತಂದೀನಿ ಹೊಳೆಯ ದಾಟಿಸಿ,
ಪೊಲೀಸರ ಕಣ್ಣಿಗೆ ಮಂಕು ಕವಿಸಿ,
ಹೊಗೆ ಮಾರಿ, ಕೊಂಡವರ ಮನೆಯ ಮಾರಿಸಿ,
ನಗತಾನ ಜಮಾಲ ಜೇಬು ತುಂಬಿಸಿ.

ಎಂಬತ್ತಾರನೇ ಇಸವಿ. ಗಾಂಜಾಕ್ಕೆ ಬಿಗಿ ಕಾನೂನು ಬಂದ ಹೊಸತು. ನಮ್ಮ ಕಡೆ ಉರುಸಿನಲ್ಲಿ ಮೇಳಗಳು ಎದುರುಬದುರು ಕೂತು ಹಾಡುವ ಸವಾಲ್ ಪದದ ಕೊನೆಯ ಸಾಲಿನಲ್ಲಿ ಕಟ್ಟಿದವರ ಹೆಸರು ಬರಲೇಬೇಕು. ಅಬ್ಬಾ ಆ ಹೆಸರು ಕೇಳಿದ್ದೇ ತಡ, ಎದ್ದು ದಾವಣಗೆರೆಯ ನಮ್ಮ ಮನೆಗೆ ಬಂದುಬಿಟ್ಟರು.

"ಸುಳ್ಳಿಗೆ ಯಾರೂ ತಮ್ಮ ಹೆಸರು ಹಾಕಲ್ಲ. ಈ ಸಂಬಂಧ ಬ್ಯಾಡ," ಅಂದರು. ಜಮಾಲುದ್ದೀನ್ ಜೊತೆ ನಿಶ್ಚಯವಾಗಿದ್ದ ನನ್ನ ಮದುವೆ ಅಲ್ಲಿಗೆ ಮುರಿಯಿತು.

ಆದರೆ ಆ ಪದ ಕಟ್ಟಿದ್ದು ನಾನು.

ನಮ್ಮದು ಮಂಡಕ್ಕಿ ಭಟ್ಟಿ. ಜಮಾಲುದ್ದೀನ್ ಸೈಕಲ್ಲಿನ ಮೇಲೆ ಚೀಲ ಹೇರಿಕೊಂಡು ಹರಿಹರಕ್ಕೆ ಒಯ್ಯುತ್ತಿದ್ದ. ಅವನು ಚೀಲ ಬಿಗಿಯುವಾಗ ನಾನು ಪರದೆಯ ಹಿಂದಿನಿಂದ ಸಾಲು ಹೇಳಿಕೊಡುತ್ತಿದ್ದೆ. ಕಟ್ಟಿದ ಹಗ್ಗವನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದ, ಕಳ್ಳ.

"ಹಗ್ಗ ಸಡಿಲ ಐತೇನ್ರಿ?"

"ಹಗ್ಗ ಸರಿ ಐತ್ರಿ. ಎರಡನೇ ಸಾಲು ಇನ್ನೊಂದ್ಸಲ ಹೇಳ್ರಿ."

ಸಾಲು ಅವನಿಗೆ ಬಾಯಿಪಾಠವಾಗಿರುತ್ತಿತ್ತು. ಅದು ಗೊತ್ತಿದ್ದೇ ನಾನೂ ಹೇಳುತ್ತಿದ್ದೆ. ಪರದೆಯ ಸಂದಿಯಲ್ಲಿ ಅವನ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಅಷ್ಟಕ್ಕೇ ನನ್ನ ಮುಖ ಕೆಂಪಾಗುತ್ತಿತ್ತು.

ಹೆಣ್ಣಿನ ಹೆಸರಲ್ಲಿ ಮೇಳದವರು ಹಾಡುವುದಿಲ್ಲ, ಅದಕ್ಕೆ ಅವನ ಹೆಸರು ಹಾಕಿದ್ದೆ. ಚಿಕ್ಕಪ್ಪ ಅಲ್ಲಾಬಕ್ಷ್ ಗಾಂಜಾದ ಚಟಕ್ಕೆ ಬಿದ್ದು ತೀರಿಹೋದ ಮೇಲೆ ನಮ್ಮ ಮನೆಯಲ್ಲಿ ಅವನ ಸುದ್ದಿಯನ್ನೇ ಯಾರೂ ಎತ್ತುತ್ತಿರಲಿಲ್ಲ. ಮಾರುವವರ ಮೇಲಿನ ನನ್ನ ಸಿಟ್ಟನ್ನು ಮಾರುವವನ ಬಾಯಿಂದಲೇ ಹೇಳಿಸಿದ್ದೆ.

ಸಂಬಂಧ ಮುರಿದ ಮೇಲೆ ಜಮಾಲುದ್ದೀನ್ ಭಟ್ಟಿಗೆ ಬಂದ. ಅಬ್ಬಾ ಬಾಯಿಗೆ ಬಂದಂತೆ ಬೈದರು. ಅವನು ತಲೆ ತಗ್ಗಿಸಿ ನಿಂತ, ನನ್ನ ಹೆಸರು ಎತ್ತಲಿಲ್ಲ. ಅವನ ಮೇಲೆ ಸಿಟ್ಟೂ ಬಂತು, ಪ್ರೀತಿಯೂ ಉಕ್ಕಿತು. ಪರದೆ ಸರಿಸಿ ಹೊರಗೆ ಬಂದೆ. ಮಂಡಕ್ಕಿ ಜರಡಿ ಹಿಡಿಯುತ್ತಿದ್ದ ದುರುಗಮ್ಮನ ಕೈ ನಿಂತಿತು.

"ಅಬ್ಬಾ, ಆ ಪದ ಕಟ್ಟಿದ್ದು ನಾನು."

"ಇವನ್ನ ಉಳಿಸಾಕೆ ಸುಳ್ಳು ಹೇಳಬ್ಯಾಡ."

"ಹಂಗಾದ್ರೆ ಇದನ್ನ ಕೇಳ್ರಿ," ಎಂದು ಅಲ್ಲೇ ಕಟ್ಟಿ ಹಾಡಿದೆ.

ಹೊಗೆಯ ಕುಡಿದಾನ ಚಿಕ್ಕಪ್ಪ ಮೊದಲು,
ಚಿಕ್ಕಪ್ಪನ ಕುಡಿದೈತೆ ಹೊಗೆ ಹಗಲು ಇರುಳು,
ಅಳತಾನ ನಮ್ಮಪ್ಪ ಭಟ್ಟಿಯ ಮರೆಯಾಗ,
ಹೊಗೆ ಬಿತ್ತು ಕಣ್ಣಿಗೆ ಅಂತಾನ ನಮ್ಮೊಳಗ,
ಕಂಡಾಳ ರಹೀಮುನ್ನೀಸಾ ಬಾಗಿಲ ಸಂದ್ಯಾಗ.

ಅಬ್ಬಾ ಚೀಲದ ಮೇಲೆ ಕುಸಿದು ಕೂತರು. ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡರು. ಈ ಸಲ ಹೊಗೆಯ ನೆಪ ಹೇಳಲಿಲ್ಲ.

ವಸ್ತ್ರ ಮತ್ತೆ ಹೆಗಲಿಗೆ ಹಾಕಿಕೊಂಡು ಜಮಾಲುದ್ದೀನ್‌ನನ್ನು ಕೇಳಿದರು. "ನಾನು ಬೈಯುವಾಗ ಯಾಕ ಸುಮ್ಮನಿದ್ದಿ?"

"ಬಾಯಿ ಬಿಟ್ಟಿದ್ರೆ ಇವರ ಹೆಸರು ಊರ ಬಾಯಿಗೆ ಬೀಳ್ತಿತ್ರಿ."

"ಈಗ ಬಿತ್ತಲ್ಲ."

"ಬೀಳ್ಲಿ ಅಬ್ಬಾ," ಅಂದೆ. "ನನ್ನ ಪದ, ನನ್ನ ಹೆಸರು."

"ಇನ್ಮೇಲೆ ಇವರ ಹೆಸರು ಹಾಕೇ ಹಾಡ್ತೀನ್ರಿ," ಅಂದ ಜಮಾಲುದ್ದೀನ್. "ಹೆಣ್ಣು ಕೊಟ್ರೂ ಸರಿ, ಕೊಡದಿದ್ರೂ ಸರಿ."

"ಕೊಡದಿದ್ರೂ ಸರಿ ಅಂತ ನಾನು ಹೇಳಿಲ್ಲ," ಅಂದೆ. "ಅಬ್ಬಾ, ನನಗೆ ಇವರ ಮೇಲೆ ಮನಸ್ಸೈತೆ. ಇವರನ್ನ ಬಿಟ್ಟು ಯಾರನ್ನೂ ಮದುವೆ ಆಗಲ್ಲ."

ದುರುಗಮ್ಮ ಸೆರಗು ಬಾಯಿಗೆ ಹಿಡಿದು ನಕ್ಕಳು. ಜಮಾಲುದ್ದೀನ್‌ನ ಕಿವಿ ಕೆಂಪಾದವು. ಅಬ್ಬಾ ಇಬ್ಬರನ್ನೂ ನೋಡಿದರು.

"ಇವಳ ಬಾಯಿ ಮುಚ್ಚಿಸಾಕೆ ನಿನ್ನ ಕೈಲಿ ಆಗ್ತದೇನೋ?"

"ಮುಚ್ಚಿಸಾಕೆ ಬಂದಿಲ್ರಿ. ಜೊತಿಗೆ ಹಾಡಾಕೆ ಬಂದೀನಿ."

"ಶುಕ್ರವಾರ ನಮಾಜ್ ಆದ ಮ್ಯಾಲೆ ನಿಮ್ಮ ಅಮ್ಮಿನ ಕರ್ಕೊಂಡು ಬಾ." ಅಬ್ಬಾ ಆಮೇಲೆ ನನ್ನ ಕಡೆ ತಿರುಗಿದರು. ದನಿ ತೀರಾ ಸಣ್ಣದಾಗಿತ್ತು. "ನನ್ನ ತಮ್ಮನ ಪದ ಇನ್ನೊಂದ್ಸಲ ಹೇಳವ್ವ."

ನಾನು ಎತ್ತಿಕೊಂಡೆ. ಎರಡನೇ ಸಾಲಿಗೆ ಜಮಾಲುದ್ದೀನ್ ದನಿಗೂಡಿಸಿದ.