ಹನ್ನೆರಡು ಕ್ರೆಡಿಟ್

ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ರೊಸಾಲ್ಬಾ ಹಾಸ್ಟೆಲಿನ ಅಡುಗೆಮನೆಯಲ್ಲಿ ಎರಡು ತುಂಡು ಬ್ರೆಡ್ ಬಿಸಿ ಮಾಡಲು ಹೋಗಿ ಕರಕಲು ಮಾಡಿದಳು. ಇಡೀ ಕಟ್ಟಡದ ಅಲಾರಾಂ ಹೊಡೆದುಕೊಂಡಿತು. ಮುನ್ನೂರು ಜನ ಟವೆಲಲ್ಲಿ, ಚಡ್ಡಿಯಲ್ಲಿ, ಬರಿಗಾಲಲ್ಲಿ ಹೊರಗೆ ಬಂದು ಹುಲ್ಲಿನ ಮೇಲೆ ನಿಂತರು. ಬೆಂಕಿ ಆರಿಸುವ ಗಾಡಿಯೂ ಬಂತು. ಪರಾಗ್ವೆಯಿಂದ ಅಮೆರಿಕದ ಮಿನೆಸೋಟಕ್ಕೆ ಬಂದಿಳಿದು ಅವಳಿಗಿನ್ನೂ ಐದು ದಿನ ತುಂಬಿರಲಿಲ್ಲ. ಸೆಮಿಸ್ಟರ್ ಶುರುವಾಗುವ ಮೊದಲೇ ವಾಪಸು ಅಟ್ಟುತ್ತಾರೆ ಎಂದೇ ಅಂದುಕೊಂಡಳು.

ಪಕ್ಕದಲ್ಲೊಬ್ಬ ಎತ್ತರದ ಹುಡುಗ ನಿಂತಿದ್ದ. ಸ್ನಾನದಿಂದ ಹಾಗೇ ಎದ್ದು ಬಂದಿದ್ದ. ಎಡಗಿವಿಯ ಮೇಲೆ ಶಾಂಪೂ ನೊರೆ. ಇದು ಯಾವ ಪುಣ್ಯಾತ್ಮರ ಕೆಲಸ ಎಂದು ಕೇಳಿದ. ಯಾರೋ ಪಾಪ, ತುಂಬಾ ಹಸಿದವರಿರಬೇಕು ಎಂದಳು ರೊಸಾಲ್ಬಾ, ಮುಖ ಗಂಭೀರ ಮಾಡಿಕೊಂಡು. ಅವನು ಅವಳ ತೋಳಿಗೆ ಅಂಟಿದ್ದ ಕರಿ ಚೂರನ್ನು ನೋಡಿದ. ಗಾಡಿಯನ್ನು ನೋಡಿದ. ಮತ್ತೆ ಅವಳನ್ನು ನೋಡಿದ, ಈ ಸಲ ಸ್ವಲ್ಪ ಹೊತ್ತು. ತುಟಿಯ ಒಂದು ಮೂಲೆ ಮಾತ್ರ ನಕ್ಕಿತು. ನೊರೆ ಇದೆ ಎಂದು ಅವಳು ತನ್ನ ಕಿವಿ ಮುಟ್ಟಿ ತೋರಿಸಿದರೆ ಆ ಮಹಾರಾಯ ಇನ್ನೊಂದು ಕಿವಿ ಒರೆಸಿಕೊಂಡ. ಕೊನೆಗೆ ಅವಳೇ ಬೆರಳಿಂದ ಒರೆಸಬೇಕಾಯಿತು.

ಮರುದಿನ ವಿದೇಶಿ ವಿದ್ಯಾರ್ಥಿಗಳ ಕಚೇರಿಗೆ ಹೋದರೆ ಮೇಜಿನಾಚೆ ಕುಳಿತಿದ್ದವನು ಅವನೇ. ಹೆಸರು ಎಲ್ಡನ್. ಅಲ್ಲೇ ಎಂ.ಎ. ಓದುತ್ತಿದ್ದ, ಆ ಮೇಜಿನ ಕೆಲಸ ಇದ್ದುದಕ್ಕೇ ಅವನ ಫೀಸು ಮಾಫಿ. ಕೆಲಸ ಹೋದ ದಿನ ಓದೂ ಹೋದಂತೆ. ಬಂದವರಿಗೆಲ್ಲ ಒಪ್ಪಿಸುವ ಪಾಠವನ್ನು ಅವಳಿಗೂ ಒಪ್ಪಿಸಿದ: "ಹನ್ನೆರಡು ಕ್ರೆಡಿಟ್‌ಗಿಂತ ಕೆಳಗೆ ಇಳೀಬೇಡಿ. ವೀಸಾ ನಿಂತಿರೋದೇ ಅದರ ಮೇಲೆ. ಯಾವ ಕೋರ್ಸ್ ಬಿಡೋದಿದ್ರೂ ಮೊದಲು ನಮ್ಮನ್ನ ಕೇಳಿ."

ಕೇಳುತ್ತೇನೆ ಎಂದಳು. ನಾಲ್ಕು ಕೋರ್ಸು, ಮೂರು ಮೂರರಂತೆ ಸರಿಯಾಗಿ ಹನ್ನೆರಡು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ಆ ಸೀಮೆಯ ಜನ ಕಷ್ಟದ ಮಾತನ್ನು ನೇರ ಆಡುವವರಲ್ಲ. ಎದೆಯಲ್ಲಿ ಏನಿದ್ದರೂ ಬಾಯಲ್ಲಿ ಬರುವುದು ಹವಾಮಾನ. ಎಲ್ಡನ್ ಸೆಪ್ಟೆಂಬರ್ ಪೂರ್ತಿ ಚಳಿ ಬರುತ್ತೆ ಎಂದ. ಅಕ್ಟೋಬರಿನಲ್ಲಿ ಚಳಿ ಬಂತು ಎಂದು ತನ್ನ ಕೈಗವಸನ್ನು ಅವಳ ಜೇಬಿಗೆ ತುರುಕಿದ. ನಿಮ್ಮೂರಲ್ಲಿ ಹುಡುಗಿಗೆ ಇಷ್ಟ ಅಂತ ಹೇಳೋಕೆ ಹಿಮ ಬೀಳಬೇಕಾ ಎಂದು ಒಂದು ದಿನ ಹಾಸ್ಟೆಲಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳು ಕೆಣಕಿದಳು. ಅವನ ಕಿವಿ ಕೆಂಪಾಯಿತು. ಹಿಮ ನವೆಂಬರಿನಲ್ಲಿ ಬೀಳುತ್ತೆ ಎಂದ. ಅವಳು ನಕ್ಕೂ ನಕ್ಕೂ ಒಗೆಯುವ ಮೆಷಿನಿಗೆ ಒರಗಿಕೊಂಡಳು. ಅಷ್ಟು ಹತ್ತಿರ ನಿಂತವನು ಅವತ್ತು ಮೊದಲ ಸಲ ಅವಳಿಗೆ ಮುತ್ತಿಟ್ಟ. ನಕ್ಷತ್ರವೂ ಇಲ್ಲ, ಹೂವೂ ಇಲ್ಲ. ಯಾರದೋ ಕಾಲುಚೀಲ ಮೆಷಿನಿನಲ್ಲಿ ಗಿರಗಿರ ತಿರುಗುತ್ತಿದ್ದವು. ಅವಳಿಗೆ ಅದಕ್ಕಿಂತ ಒಳ್ಳೆ ಜಾಗ ಬೇಕೆನಿಸಲಿಲ್ಲ.

ಎಲ್ಲ ಚೆನ್ನಾಗಿತ್ತು, ಸಂಖ್ಯಾಶಾಸ್ತ್ರ ಒಂದು ಬಿಟ್ಟು. ಮಂಗಳವಾರ, ಗುರುವಾರ ಮಧ್ಯಾಹ್ನದ ಕ್ಲಾಸು. ಎರಡು ಪರೀಕ್ಷೆ ಬರೆದು ಎರಡರಲ್ಲೂ ಮುಗ್ಗರಿಸಿದ್ದಳು. ಬಿಟ್ಟುಬಿಡಲಾ ಎಂದು ಎಲ್ಡನ್‌ಗೆ ಮೆಸೇಜ್ ಹಾಕಿದಳು. ಮೊದಲು ನಮ್ಮನ್ನು ಕೇಳಿ ಎಂದಿದ್ದನಲ್ಲ, ಅದಕ್ಕೇ ಕೇಳಿದಳು. ನಿಮಿಷದೊಳಗೆ ಉತ್ತರ ಬಂತು: "ಬಿಟ್ಟುಬಿಡು. ಮಾರ್ಕ್ಸ್ ಕಾರ್ಡಲ್ಲಿ ಕೋರ್ಸ್ ಬಿಟ್ಟಳು ಅಂತ ಒಂದು W ಬೀಳುತ್ತೆ, ಅಷ್ಟೇ. ನಾನೇ ಮೂರು ಸಲ ಬಿಟ್ಟಿದೀನಿ. ಮಂಗಳವಾರ ಮಧ್ಯಾಹ್ನ ಇನ್ನು ನಮ್ದು."

ಬಿಟ್ಟಳು. ಎರಡು ಮಂಗಳವಾರ ಮಧ್ಯಾಹ್ನ ನಿಜವಾಗಿಯೂ ಅವರದಾಗಿದ್ದವು. ಕೆರೆಯ ಸುತ್ತ ನಡೆದರು. ಬೆಂಚಿನಲ್ಲಿ ಕೂತು ಒಂದೇ ಲೋಟದ ಕಾಫಿಗೆ ಕಿತ್ತಾಡಿದರು.

ಮೂರನೆಯ ಮಂಗಳವಾರ ಕಚೇರಿಯ ಮುಖ್ಯಸ್ಥೆ ಮಿಸೆಸ್ ಗ್ರೋವ್ ಹೇಳಿಕಳಿಸಿದರು. ಒಂಬತ್ತು ಕ್ರೆಡಿಟ್‌ಗೆ ಇಳಿದದ್ದು ಕಂಪ್ಯೂಟರಿನಲ್ಲಿ ಬಿದ್ದಿತ್ತು. ಕೋರ್ಸ್ ಮತ್ತೆ ಸೇರುವ ಗಡುವು ಮುಗಿದಿತ್ತು. ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ ಅವಳ ವೀಸಾ ದಾಖಲೆ ರದ್ದಾಗುತ್ತದೆ, ತಕ್ಷಣ ದೇಶ ಬಿಡಬೇಕು. ಅಲ್ಲಿಗೆ, ಅವಳನ್ನು ಇಲ್ಲಿಗೆ ಓದಲು ಕಳಿಸಿದ್ದ ಪರಾಗ್ವೆಯ ಎನ್‌ಕಾರ್ನಾಸಿಯೋನ್ ಊರಿನ ಅವಳ ಕಾಲೇಜಿನಲ್ಲೂ ಈ ವರ್ಷ ಹೋಯಿತು. ಇಂಥ ಕಪ್ಪುಚುಕ್ಕೆ ಇದ್ದವರಿಗೆ ಮತ್ತೆ ವೀಸಾ ಸಿಗುವುದು ಬಹಳ ಕಷ್ಟ. ಮುಂದೆ ಮತ್ತೆ ಇಲ್ಲಿಗೇ ಬಂದು ಮಣ್ಣಿನ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವುದು ಅವಳ ಹೈಸ್ಕೂಲಿನ ದಿನದ ಆಸೆ.

"ನಮ್ಮ ಆಫೀಸಿನೋರು ಯಾರಾದ್ರೂ ಬಿಡು ಅಂತ ಹೇಳಿದ್ರಾ, ಮಗು?" ಎಂದರು ಮಿಸೆಸ್ ಗ್ರೋವ್. "ಹೌದು ಅಂತಾದ್ರೆ ತಪ್ಪು ನಮ್ಮದಾಗುತ್ತೆ. ಆಗ ನಿನ್ನ ಉಳಿಸ್ಕೋಬಹುದು."

ಫೋನು ಜೇಬಿನಲ್ಲೇ ಇತ್ತು. ಹಾಗೆ ಹೇಳಿದವರು ಇದ್ದರೆ ಅವರಿಗೆ ಏನಾಗುತ್ತದೆ ಎಂದು ಕೇಳಿದಳು. ಮಿಸೆಸ್ ಗ್ರೋವ್ ಕಿಟಕಿಯ ಕಡೆ ತಿರುಗಿ, ವಾರದ ಕೊನೆಗೆ ಹಿಮ ಬೀಳುವ ಹಾಗಿದೆ ಎಂದರು. ಆಮೇಲೆ, ಅಂಥವರನ್ನು ಕೆಲಸದಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ ಎಂದರು.

ಸಂಜೆ ಎಲ್ಡನ್‌ಗೆ ಎಲ್ಲ ಹೇಳಿದಳು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಮೆಸೇಜ್ ತೋರಿಸು. ನಾನು ಬೇಡ ಅನ್ನಲ್ಲ."

"ನೀನೇ ಹೇಳಬಹುದಲ್ಲ?"

ಅವನು ಬಗ್ಗಿ ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿದ. ದಿನಕ್ಕೆ ಹತ್ತು ಜನಕ್ಕೆ ಹೇಳುವ ಮಾತು, ನನಗೆ ಮೆಸೇಜ್ ಹಾಕುವಾಗ ಮಾತ್ರ ಮರೆತುಹೋಯಿತಾ ಎಂದು ಕೇಳಿದಳು.

"ಮರೆತಿರಲಿಲ್ಲ," ಎಂದ. "ಹನ್ನೆರಡು ಅನ್ನೋದು ನೆನಪಾಯ್ತು. ಆಮೇಲೆ ಮಂಗಳವಾರ ನೆನಪಾಯ್ತು. ಯಾರೂ ಗಮನಿಸಲ್ಲ ಅಂದ್ಕೊಂಡೆ."

ಇಷ್ಟು ದೊಡ್ಡ ಮೋಸವನ್ನು ಇಷ್ಟು ಪ್ರೀತಿಯಿಂದ ಯಾರೂ ಅವಳಿಗೆ ಮಾಡಿರಲಿಲ್ಲ. ಕೆನ್ನೆಗೆ ಬಾರಿಸಬೇಕು ಅನಿಸಿತು; ಅದೇ ಗಳಿಗೆಯಲ್ಲಿ ಅವನ ಎದೆಗೆ ಮುಖ ಒತ್ತಿ ಅಳಬೇಕು ಅಂತಲೂ ಅನಿಸಿತು. ಎರಡನ್ನೂ ಮಾಡಲಿಲ್ಲ. ನಾನು ಶುಕ್ರವಾರ ಅಲ್ಲೇ ಕೂತಿರುತ್ತೇನೆ, ಬಂದು ಹೇಳು ಎಂದಷ್ಟೇ ಹೇಳಿ ಎದ್ದಳು.

ಶುಕ್ರವಾರ ಎಲ್ಡನ್ ಕೆಲಸಕ್ಕೆ ರಜೆ ಹಾಕಿದ್ದ. ರೊಸಾಲ್ಬಾ ಹತ್ತು ಗಂಟೆಗೇ ಹೋಗಿ ಕಚೇರಿಯ ಗಾಜಿನ ಬಾಗಿಲಿಗೆ ಎದುರಾಗಿ ಕೂತಳು. ಗೋಡೆ ಗಡಿಯಾರ ಹನ್ನೊಂದು ದಾಟಿತು. ಬಂದೇ ಬರುತ್ತಾನೆ ಎಂದು ಅವಳಿಗೆ ನಂಬಿಕೆಯಿತ್ತು. ಗ್ಯಾರಂಟಿ ಅನ್ನುವಷ್ಟು ನಂಬಿಕೆ. ಬಂದು ಹೇಳಿದರೆ ಅವನ ಕೆಲಸ ಹೋಗದ ಹಾಗೆ ತಾನೇ ಮಿಸೆಸ್ ಗ್ರೋವ್ ಕಾಲು ಹಿಡಿಯುವುದೆಂದೂ ತೀರ್ಮಾನಿಸಿದ್ದಳು.

ಹನ್ನೆರಡಕ್ಕೆ ಹದಿನೈದು ನಿಮಿಷ ಇರುವಾಗ ಅವನು ಬಂದ. ಗಾಜಿನಾಚೆ ನಿಂತ. ಬಾಗಿಲಿನ ಹಿಡಿಯ ಮೇಲೆ ಕೈ ಇಟ್ಟ. ಅವಳು ಕೆಳಗೆ ಬಗ್ಗಿ ಬ್ಯಾಗಿನಲ್ಲಿ ಏನೋ ಹುಡುಕುವವಳಂತೆ ನಟಿಸಿದಳು. ತಾನು ನೋಡುತ್ತಿದ್ದೇನೆಂಬ ನಾಚಿಕೆಗೆ ಅವನು ಒಳಗೆ ಬರುವುದು ಅವಳಿಗೆ ಬೇಕಿರಲಿಲ್ಲ. ತಲೆ ಎತ್ತಿದಾಗ ಅವನ ಬೆನ್ನು ಕಾಣಿಸಿತು. ಮೆಟ್ಟಿಲಿಳಿದು ಹೋಗುತ್ತಿದ್ದ.

ಹನ್ನೆರಡಕ್ಕೆ ಮಿಸೆಸ್ ಗ್ರೋವ್ ಕೊನೆಯ ಸಲ ಕೇಳಿದರು.

"ಯಾರೂ ಹೇಳಲಿಲ್ಲ," ಎಂದಳು. "ನಾನೇ ಬಿಟ್ಟೆ."

ಇದನ್ನು ತ್ಯಾಗ ಗೀಗ ಅನ್ನಬೇಡಿ. ಅವನಾಗಿ ಕೊಡಬೇಕಾದ್ದನ್ನು ಕೊರಳಪಟ್ಟಿ ಹಿಡಿದು ವಸೂಲು ಮಾಡಲು ಅವಳಿಗೆ ಮನಸ್ಸು ಬರಲಿಲ್ಲ, ಅಷ್ಟೇ. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಅಮ್ಮನಿಗೆ ಫೋನು ಮಾಡಿ ಬರುತ್ತಿದ್ದೇನೆ ಎಂದಳು. ಯಾಕೆ ಎಂದು ಅಮ್ಮ ಕೇಳಿದ್ದಕ್ಕೆ ಚಳಿ ತಡೆಯಲಾಗುತ್ತಿಲ್ಲ ಎಂದಳು.

ಭಾನುವಾರ ಬೆಳಿಗ್ಗೆ ವಿಮಾನ ನಿಲ್ದಾಣದ ಬಸ್ಸು. ಹಿಮ ಬೀಳುತ್ತಿತ್ತು. ಎಲ್ಡನ್ ಓಡುತ್ತಾ ಬಂದ, ಟೋಪಿಯಿಲ್ಲದೆ. ಎರಡು ರಾತ್ರಿ ನಿದ್ದೆ ಮಾಡದ ಕಣ್ಣು. ಅವತ್ತು ಹವಾಮಾನದ ಮಾತೆತ್ತಲಿಲ್ಲ.

"ನಾನು ನಿನ್ನ ಪ್ರೀತಿಸ್ತೀನಿ, ರೊಸಾ. ಮೊದಲೇ ಹೇಳಬೇಕಿತ್ತು. ಮೆಸೇಜ್ ಯಾಕೆ ತೋರಿಸಲಿಲ್ಲ ನೀನು? ತೋರಿಸ್ತೀಯ ಅಂತಲೇ ಕಾಯ್ತಿದ್ದೆ."

"ಗೊತ್ತು. ನಾನೂ ಕಾಯ್ತಿದ್ದೆ. ನೀನು ಬಾಗಿಲ ಹಿಡಿ ಮೇಲೆ ಕೈಯಿಟ್ಟಿದ್ದನ್ನ ನೋಡಿದೆ."

ನೋಡಿದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ. ಕ್ಷಮಿಸು ಎಂದು ಎರಡು ಮೂರು ಸಲ ಅಂದ, ಅಳುತ್ತಾ ಅಂದ. ಅವಳು ಅವನ ಕೂದಲಿನ ಮೇಲಿದ್ದ ಹಿಮವನ್ನು ಕೈಯಿಂದ ಒರೆಸಿದಳು. ಹಣೆಗೆ ಮುತ್ತಿಟ್ಟಳು. ನನಗೂ ನಿನ್ನ ಮೇಲೆ ಪ್ರೀತಿ ಇದೆ, ಅದು ಹೋಗಿದ್ದರೆ ಸುಲಭವಾಗುತ್ತಿತ್ತು ಎಂದಳು. ಸುಳ್ಳು ಹೇಳಿ ಹೋಗಲು ಅವಳಿಂದ ಆಗಲಿಲ್ಲ.

ಅವಳು ಹತ್ತಿ ಕಿಟಕಿ ಪಕ್ಕ ಕೂತಳು. ಎಲ್ಡನ್ ಬಸ್ಸಿನ ಕೆಳಮೆಟ್ಟಿಲಿನ ಮುಂದೆ ಇನ್ನೂ ನಿಂತೇ ಇದ್ದ. ಡ್ರೈವರ್ ಹೆಂಗಸು ಕನ್ನಡಿಯಲ್ಲಿ ರೊಸಾಲ್ಬಾಳನ್ನು ನೋಡಿ, ಆ ಹುಡುಗ ಹತ್ತುತ್ತಾನಾ ಎಂದು ಕೇಳಿದಳು.

"ಇಲ್ಲ," ಎಂದಳು ರೊಸಾಲ್ಬಾ. "ಅವನು ಬಾಗಿಲವರೆಗೆ ಅಷ್ಟೇ."