ಕೊನೆಯ ರೀಲಿಗೆ ಬರ್ತೀನಿ

ಭಾನುವಾರದ ಬೆಳಗಿನ ಆಟದ ಹೊತ್ತು ಮೀರಿತ್ತು. ಥಿಯೇಟರಿನಲ್ಲಿ ಇನ್ನೂ ದೀಪ ಆರಿರಲಿಲ್ಲ. ಕೆಳಗೆ ಜನ ಸಿಳ್ಳೆ ಹೊಡೆಯುತ್ತಿದ್ದರು, ಬಾಲ್ಕನಿಯಲ್ಲಿ ಒಬ್ಬ ಶೇಠ್ ಕುರ್ಚಿಯ ಕೈ ಬಡಿಯುತ್ತಿದ್ದ. ಮೇಲೆ ಬೂತಿನಲ್ಲಿ ಆಪರೇಟರ್ ಪಟ್ಟಾಭಿರಾಮ ಪ್ರೊಜೆಕ್ಟರನ್ನು ಮರೆತು ಗೋಡೆಯ ಕಿಂಡಿಗೆ ಕಣ್ಣು ಕೀಲಿಸಿ ಕೂತಿದ್ದ. ಕಂಬದ ಪಕ್ಕದ ಎರಡು ಕುರ್ಚಿಗಳಲ್ಲಿ ಇನ್ನೂ ಯಾರೂ ಬಂದು ಕೂತಿರಲಿಲ್ಲ.

ಬರ್ತೀನಿ ಅಂದಿದ್ದಳಲ್ಲ! ಕಿವಿಯಾರೆ ಕೇಳಿದ್ದ. ನಗುತ್ತಲೇ ಅಂದಿದ್ದಳು, ಇವನ ಮುಖ ನೋಡಿಯೇ ಅಂದಿದ್ದಳು.

ಮ್ಯಾನೇಜರ್ ಬಾಗಿಲು ಗುದ್ದಿದ. "ಅರೇ ಪಟ್ಟಾಭಿ, ಸೋ ಗಯಾ ಕ್ಯಾ?"

ಪಟ್ಟಾಭಿ ದೀಪ ಆರಿಸಿ ರೀಲು ಓಡಿಸಿದ. ಖಾಲಿ ಕುರ್ಚಿಗಳೂ ಕತ್ತಲಲ್ಲಿ ಮುಳುಗಿದವು.

ಅಹಮದಾಬಾದಿನ ಆ ಥಿಯೇಟರಿಗೆ ಆಗ ಬಂದಿದ್ದದ್ದು ಯಾವುದೋ ಹಿಮದ ದೇಶದ ಯುದ್ಧದ ಚಿತ್ರ. ಶತ್ರುಸೇನೆ ಸುತ್ತುಗಟ್ಟಿದ ಒಂದು ಊರು. ಗಂಟೆಗೋಪುರದಲ್ಲಿ ಬಂದೂಕಿನಿಂದ ಗುರಿಯಿಟ್ಟು ಅಡಗಿ ಕೂತ ಊರಿನ ಗುರಿಕಾರ ಒಬ್ಬ, ಎದುರಿಗೆ ಮುರಿದು ಬಿದ್ದ ಬೇಕರಿಯಲ್ಲಿ ಅಡಗಿದ ಶತ್ರುವಿನ ಗುರಿಕಾರ ಇನ್ನೊಬ್ಬ. ಕಿಂಡಿಯಿಂದ ಕಿಂಡಿಗೆ ಕಣ್ಣಿಟ್ಟು, ಒಬ್ಬ ತಲೆ ಎತ್ತುವುದನ್ನು ಇನ್ನೊಬ್ಬ ಕಾಯುವುದೇ ಕಥೆ. ಹಾಡಿಲ್ಲ, ನಾಯಕಿಯಿಲ್ಲ. ಇದನ್ನು ತರಿಸಿದ ಪುಣ್ಯಾತ್ಮ ಯಾರು ಅಂತ ಮ್ಯಾನೇಜರ್ ದಿನಾ ಗೊಣಗುತ್ತಿದ್ದ. ಪಟ್ಟಾಭಿಗೆ ಮಾತ್ರ ಅದು ತುಂಬಾ ಹಿಡಿಸಿತ್ತು. ಅವನದೂ ಕಿಂಡಿಯ ಬದುಕೇ. ಥಿಯೇಟರು ತುಂಬ ಜನ ಇದ್ದರೂ ಹಿಂದಿರುಗಿ ಅವನನ್ನು ನೋಡುವವರು ಯಾರೂ ಇರಲಿಲ್ಲ.

ಹುಟ್ಟಿ ಬೆಳೆದದ್ದು ವಡೋದರಾದ ರೈಲ್ವೆ ಕ್ವಾರ್ಟರ್ಸಿನಲ್ಲಿ. ಗಾರ್ಡ್ ಆಗಿದ್ದ ಅಪ್ಪ ಮನೆಯಲ್ಲಿದ್ದದ್ದಕ್ಕಿಂತ ರೈಲಿನಲ್ಲಿದ್ದದ್ದೇ ಹೆಚ್ಚು. ಹಾಗಾಗಿ ಅವನಿಗೆ ಕನ್ನಡ ಅಂದರೆ ಅಮ್ಮ. ಅವನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ಆಸ್ಪತ್ರೆಗೆ ಹೊರಟಳು. ಟಾಂಗಾ ಹತ್ತಿ ಕೂತು, ಹಿಂದಿರುಗಿ ನೋಡಿ, "ಬರ್ತೀನಿ ಕಣೋ" ಅಂದಳು. ಬರಲಿಲ್ಲ. ಆಮೇಲೆ ಅವನನ್ನು ಸಾಕಿದ್ದು ಮಾಸಿ ಅಂತ ಅವನು ಕರೆಯುತ್ತಿದ್ದ ಪಕ್ಕದ ಮನೆಯ ಗುಜರಾತಿ ಹೆಂಗಸು. ಅವನ ಕನ್ನಡ ಆ ಟಾಂಗಾದ ಹತ್ತಿರವೇ ನಿಂತುಹೋಯಿತು.

ಇಂಥವನ ಎದುರಿಗೆ ಬಂದು ನಿಂತವಳು ಸುಲೋಚನಾ. ತುಮಕೂರಿನವಳು. ಬಿ.ಎ. ಮುಗಿಸಿ, ಇನ್ಶೂರೆನ್ಸ್ ಆಫೀಸಿನಲ್ಲಿದ್ದ ಅಣ್ಣ ರಾಮಕೃಷ್ಣನ ಮನೆಗೆ ಬಂದಿದ್ದಳು. ಥಿಯೇಟರಿನ ಪಕ್ಕದ ಸುಬ್ರಹ್ಮಣ್ಯ ಭಟ್ಟರ ಹೋಟೆಲಿಗೆ ಕಾಫಿ ಪುಡಿ ಕೊಳ್ಳಲು ಬರುತ್ತಿದ್ದಳು. ಚಹಾದ ಊರಿನಲ್ಲಿ ಒಳ್ಳೆಯ ಪುಡಿ ಸಿಗುವುದು ತಮ್ಮಲ್ಲಿ ಮಾತ್ರ ಅಂತ ಭಟ್ಟರ ಹೆಮ್ಮೆ.

"ಚಿಕೋರಿ ಕಮ್ಮಿ ಹಾಕಿ ಭಟ್ರೇ. ಹೋದ ಸಲ ಕಷಾಯ ಕುಡಿದ ಹಾಗಿತ್ತು."

ಮೂಲೆಯಲ್ಲಿ ದೋಸೆ ತಿನ್ನುತ್ತಿದ್ದ ಪಟ್ಟಾಭಿಯ ಕೈ ಅಲ್ಲೇ ನಿಂತಿತು. ಭಟ್ಟರದು ಅವನೊಡನೆ ಯಾವಾಗಲೂ ಹಿಂದಿಯಲ್ಲೇ ವ್ಯವಹಾರ. ಹೆಂಗಸಿನ ದನಿಯಲ್ಲಿ ಕನ್ನಡ ಕೇಳಿ ಎಷ್ಟು ವರ್ಷವಾಗಿತ್ತೋ! ಎದ್ದು ನಿಂತು, ತನಗೆ ಬರುತ್ತಿದ್ದಷ್ಟನ್ನೂ ಒಟ್ಟಿಗೆ ಆಡಿಬಿಟ್ಟ.

"ಊಟ ಆಯ್ತೇನೋ? ಬಾರೋ, ಕೂತ್ಕೋ."

ಭಟ್ಟರು ತಕ್ಕಡಿ ಬಿಟ್ಟು ತಲೆ ಎತ್ತಿದರು. "ಎಂತ ಮಾರಾಯ ಇದು? ಹುಡುಗಿಯನ್ನು ಬಾರೋ ಅಂತ ಕರೆಯುವುದಾ?"

ಅವಳ ಕಣ್ಣು ಮೊದಲು ಅಗಲವಾದವು. ಆಮೇಲೆ ಸಣ್ಣದಾದವು. ತುಟಿ ಕಚ್ಚಿ ತಡೆದುಕೊಂಡಳು, ಆಗಲಿಲ್ಲ. ಸೆರಗು ಬಾಯಿಗೆ ಹಿಡಿದು ನಕ್ಕುಬಿಟ್ಟಳು. "ಯಾರು ಕಲಿಸಿದ್ದು ನಿಮಗೆ ಈ ಕನ್ನಡ?"

"ಅಮ್ಮ."

"ಅಮ್ಮ ನಿಮ್ಮನ್ನ ಹಾಗೆ ಕರೀತಿದ್ರಾ?"

"ಹೂಂ. ಈಗ ಇಲ್ಲ. ನನಗೆ ಅಷ್ಟೇ ಬರೋದು."

ಅವಳ ನಗು ಅರ್ಧಕ್ಕೆ ನಿಂತಿತು. ಅಮ್ಮ ಚಿಕ್ಕ ಹುಡುಗನಿಗೆ ಅಂದ ಮಾತುಗಳನ್ನೇ ಇವನು ಜೋಪಾನವಾಗಿ ಇಟ್ಟುಕೊಂಡಿದ್ದಾನೆ, ಬೇರೆ ಮಾತು ಇವನ ಹತ್ತಿರ ಇಲ್ಲ ಅಂತ ಅವಳಿಗೆ ಅರ್ಥವಾಯಿತು.

ಅಲ್ಲಿಂದ ಪಾಠ ಶುರು. ಪುಡಿ ತೂಗಿ ಕಟ್ಟುವಷ್ಟು ಹೊತ್ತು ಮಾತ್ರ. ಭಟ್ಟರೂ ಬಲು ಜಾಣರು, ಅವಳು ಬಂದ ದಿನ ಅವರಿಗೆ ಪೊಟ್ಟಣ ಕಟ್ಟುವ ದಾರವೇ ಸಿಗುತ್ತಿರಲಿಲ್ಲ.

"ಗಂಡಸಿಗೆ ಬಾರೋ, ಹೆಂಗಸಿಗೆ ಬಾರೇ."

"ಸರಿ. ಬಾರೇ, ಕೂತ್ಕೋ."

"ಅಯ್ಯೋ! ನನಗೆ ಹಾಗನ್ನಬಾರ್ದು. ಬನ್ನಿ ಅನ್ಬೇಕು."

"ಮತ್ತೆ ಬಾರೇ ಯಾರಿಗೆ?"

"ಅದು... ಮನೆಯವರಿಗೆ." ಕೆನ್ನೆ ಕೆಂಪಗಾಗಿ ಅವಳು ಭಟ್ಟರ ಕಡೆ ತಿರುಗಿದಳು. "ಆಯ್ತಾ ಭಟ್ರೇ, ಪುಡಿ?"

ಚಿತ್ರ ಬಂದ ಮೊದಲ ಭಾನುವಾರ ಸುಲೋಚನಾ ಅತ್ತಿಗೆ ರಮಾಮಣಿಯ ಜೊತೆ ಬಂದಿದ್ದಳು. ಮೊದಲ ಗುಂಡು ಹಾರುವ ಮುಂಚೆಯೇ ಅತ್ತಿಗೆಗೆ ನಿದ್ದೆ. ಇಂಟರ್‌ವಲ್‌ನಲ್ಲಿ ದೀಪ ಹತ್ತಿದಾಗ ಸುಲೋಚನಾ ಮೆಲ್ಲಗೆ ಹಿಂದಿರುಗಿ, ತಲೆ ಎತ್ತಿ, ನೇರ ಬೂತಿನ ಕಿಂಡಿಯನ್ನೇ ನೋಡಿದಳು. ಪಟ್ಟಾಭಿ ಗಾಬರಿಯಾಗಿ ತಲೆ ಬಗ್ಗಿಸಿದ. ಮತ್ತೆ ಇಣುಕಿದರೆ ಅವಳು ಇನ್ನೂ ಅಲ್ಲೇ ನೋಡುತ್ತಿದ್ದಳು. ಒಂದು ಕಣ್ಣು ಮುಚ್ಚಿ, ಸಿನಿಮಾದ ಗುರಿಕಾರನ ಹಾಗೆ ಗುರಿ ಹಿಡಿದು, ತಾನೇ ನಾಚಿ ಸರಕ್ಕನೆ ತಿರುಗಿಬಿಟ್ಟಳು. ಅವನು ಆ ದಿನ ಮುಂದಿನ ರೀಲು ಓಡಿಸಿದ್ದು ಕೈಯ ಅಭ್ಯಾಸದಿಂದ, ಮನಸ್ಸಿನಿಂದಲ್ಲ.

ಅಣ್ಣನ ಊಟದ ಹೊತ್ತಾಯಿತೆಂದು ಕೊನೆಯ ರೀಲಿಗೆ ಮುಂಚೆ ಅತ್ತಿಗೆ ಎಚ್ಚೆತ್ತು ಅವಳನ್ನು ಎಬ್ಬಿಸಿಕೊಂಡು ಹೋದಳು. ಮುಂದಿನ ಸಲ ಹೋಟೆಲಿಗೆ ಬಂದಾಗ ಸುಲೋಚನಾಳದು ಒಂದೇ ಪ್ರಶ್ನೆ: "ಕೊನೆಗೆ ಸತ್ತಿದ್ದು ಯಾರು?"

"ಹೇಳಲ್ಲ. ಭಾನುವಾರ ಬನ್ನಿ."

ಅವಳು ನಕ್ಕು ಚೀಲ ಎತ್ತಿಕೊಂಡಳು. "ಸರಿ, ಬರ್ತೀನಿ."

ಅವನು ಅದನ್ನು ನಂಬಿ ಎರಡು ಕುರ್ಚಿ ಹಿಡಿದಿಟ್ಟ, ಆಟ ತಡಮಾಡಿದ, ಬೈಸಿಕೊಂಡ.

ಅದೇ ವಾರ ಯುದ್ಧ ಶುರುವಾಯಿತು. ಅರವತ್ತೈದರ ಸೆಪ್ಟೆಂಬರು. ಊರಿನ ಕಿಟಕಿಗಳಿಗೆಲ್ಲ ಕಪ್ಪು ಕಾಗದ ಬಂತು, ಸಂಜೆಯಾದರೆ ಬೀದಿದೀಪ ಹತ್ತುತ್ತಿರಲಿಲ್ಲ, ಸಂಜೆಯ ಆಟ ನಿಂತಿತು. "ಹೊರಗೇ ಯುದ್ಧ ನಡೀತಿರುವಾಗ ಒಳಗೆ ಬಂದು ಯಾರು ನೋಡ್ತಾರೆ?" ಅಂತ ಮ್ಯಾನೇಜರ್ ಚಿತ್ರ ತೆಗೆಸಿದ. ಪಟ್ಟಾಭಿ ತಾನೇ ರೀಲುಗಳನ್ನು ತಗಡಿನ ಡಬ್ಬಿಗೆ ತುಂಬಿ ಕಳಿಸಿದ. ಕೊನೆಯ ರೀಲು ಅವಳು ನೋಡದೆಯೇ ಊರು ಬಿಟ್ಟಿತು. ಅವನು ಸಂಜೆಗಳನ್ನೆಲ್ಲ ಕಪ್ಪು ಕಾಗದ ಹಚ್ಚಿದ ಕಿಟಕಿಯ ಹಿಂದೆ ಒಬ್ಬನೇ ಕೂತು ಕಳೆದ. ಅವಳ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದ. ಬಂದದ್ದು ಸಿಟ್ಟಲ್ಲ, ದುಃಖ. ಅದು ಅವನಿಗೆ ಹಳೆಯ ಪರಿಚಯದ್ದೇ.

ಯುದ್ಧ ನಿಂತ ಮೇಲೆ ಅವಳು ಮತ್ತೆ ಹೋಟೆಲಿಗೆ ಬಂದಳು. ಪಟ್ಟಾಭಿ ಲೋಟದ ಕಡೆಯೇ ನೋಡುತ್ತ ಕೇಳಿದ.

"ಬರ್ತೀನಿ ಅಂದು ಯಾಕೆ ಬರಲಿಲ್ಲ?"

"ಎಲ್ಲಿಗೆ?"

"ಸಿನಿಮಾಗೆ. ನಾನು ಆಟ ನಿಲ್ಲಿಸಿ ಕಾದೆ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಯ್ಯೋ ದೇವರೇ! ರೀ, ಅದು ಹೊರಡ್ತೀನಿ ಅಂತ ಹೇಳಿದ್ದು."

"ಹೊರಡೋಕೆ ಬರ್ತೀನಿ ಅಂತ ಯಾಕೆ ಅನ್ಬೇಕು?"

"ಹೋಗ್ತೀನಿ ಅನ್ನಬಾರ್ದು, ಅಪಶಕುನ. ನಮ್ಮಲ್ಲಿ ಹೊರಡೋರು ಎಲ್ಲಾರೂ ಬರ್ತೀನಿ ಅಂತಾರೆ. ನಿಮ್ಮ ಗುಜರಾತಿನವರು ಕಳಿಸೋವಾಗ 'ಆವ್ಜೋ' ಅಂತಾರಲ್ಲ, ಬನ್ನಿ ಅಂತ? ಹಾಗಂತ ಎಲ್ಲಾರೂ ತಿರುಗಿ ಬರ್ತಾರಾ?"

ಪಟ್ಟಾಭಿ ಲೋಟ ಪಕ್ಕಕ್ಕೆ ಸರಿಸಿದ. ಆಮೇಲೆ ಮೆಲ್ಲಗೆ, "ಹಾಗಾದ್ರೆ ಅಮ್ಮ ಸುಳ್ಳು ಹೇಳಲಿಲ್ಲ," ಅಂದ.

ಟಾಂಗಾದ ವಿಷಯ ಹೇಳಿದ. ಗೇಟಿನ ಹತ್ತಿರ ಕೂತು ಕಾದದ್ದು ಹೇಳಿದ. ಮಾತು ಕೊಟ್ಟು ತಪ್ಪಿದಳು ಅಂತ ಇಷ್ಟು ವರ್ಷ ಸತ್ತವಳ ಮೇಲೆ ಮುನಿಸಿಕೊಂಡಿದ್ದನ್ನೂ ಹೇಳಿದ. ಕನ್ನಡ ಸಾಲದ ಕಡೆ ಹಿಂದಿ ಸೇರಿಸಿದ. ಸುಲೋಚನಾಳ ಕಣ್ಣು ತುಂಬಿದವು.

"ಇಲ್ಲ, ಸುಳ್ಳಲ್ಲ. ಹೊರಟಿದ್ದೀನಿ ಅಂತ ಹೇಳಿದ್ರು, ಅಷ್ಟೇ. ಮಗುವಿಗೆ ಹೋಗ್ತೀನಿ ಅಂತ ಯಾವ ತಾಯಿ ಅಂತಾಳೆ?"

ಭಟ್ಟರು ಬೇಕೆಂದೇ ಅಡುಗೆಮನೆಗೆ ಹೋದರು.

"ನಾನೂ ಒಂದು ಹೇಳ್ಬೇಕು," ಅಂದಳು ಅವಳು. "ಅಣ್ಣನಿಗೆ ಸೂರತ್‌ಗೆ ಟ್ರಾನ್ಸ್‌ಫರ್ ಆಗಿದೆ. ಶುಕ್ರವಾರ ಹೊರಡ್ತೀವಿ. ಆ ಕೊನೆಯ ರೀಲಾದ್ರೂ ಹೇಳಿಬಿಡಿ."

ಅವನು ಹೇಳಿದ. ಗೋಪುರದವನು ಬೇಕರಿಯವನನ್ನು ಹೊಡೆಯುತ್ತಾನೆ. ಮಾರನೆಯ ದಿನವೂ ಅಭ್ಯಾಸಬಲದಿಂದ ಕಿಂಡಿಗೆ ಬಂದು ಕೂರುತ್ತಾನೆ. ಎದುರಿಗೆ ಯಾರೂ ಇಲ್ಲ. ತಾನು ಯಾವಾಗ ಉಸಿರು ಬಿಡುತ್ತೇನೆ, ಯಾವಾಗ ಕೈ ಉಜ್ಜಿಕೊಳ್ಳುತ್ತೇನೆ ಅಂತ ಬಲ್ಲವನು ಇಡೀ ಊರಿನಲ್ಲಿ ಆ ಶತ್ರು ಒಬ್ಬನೇ ಆಗಿದ್ದ. ಕೊನೆಗೆ ಗುರಿಕಾರ ಬಂದೂಕು ಕೆಳಗಿಟ್ಟು, ಬಯಲಲ್ಲಿ ತಲೆ ಎತ್ತಿ ನಿಲ್ಲುತ್ತಾನೆ. ಯಾರೂ ಗುಂಡು ಹೊಡೆಯುವುದಿಲ್ಲ. ಯಾರೂ ನೋಡುವುದೂ ಇಲ್ಲ. ಅಲ್ಲಿಗೆ ಚಿತ್ರ ಮುಗಿಯಿತು.

"ಗೆದ್ದವನಿಗೇ ಯಾರೂ ಇಲ್ಲ," ಅಂದಳು ಸುಲೋಚನಾ. ಚೀಲ ಎತ್ತಿಕೊಳ್ಳುತ್ತ, "ಈ ಊರಲ್ಲಿ ನನ್ನನ್ನ ಸರಿಯಾಗಿ ನೋಡಿದವರು ನೀವೊಬ್ರೇ," ಅಂದಳು.

ಅವನು ತಲೆ ಎತ್ತುವಷ್ಟರಲ್ಲಿ ಅವಳು ಬಾಗಿಲಲ್ಲಿದ್ದಳು. ಬರ್ತೀನಿ ಅನ್ನಲಿಲ್ಲ. ಯಾವುದಕ್ಕಾಗಿ ಬಂದಿದ್ದಳೋ ಆ ಕಾಫಿ ಪುಡಿಯ ಪೊಟ್ಟಣವೂ ಗಲ್ಲಾದ ಮೇಲೆಯೇ ಉಳಿಯಿತು.

"ಶುಕ್ರವಾರ ಸ್ಟೇಷನ್ನಿಗೆ ಕೊಂಡುಹೋಗಿ ಕೊಡು ಮಾರಾಯ," ಅಂದರು ಭಟ್ಟರು, ಹಿಂದಿ ಬಿಟ್ಟು ಕನ್ನಡದಲ್ಲೇ.

ಶುಕ್ರವಾರ ಮಧ್ಯಾಹ್ನ ಸ್ಟೇಷನ್ನಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ರಾಮಕೃಷ್ಣ ಕೂಲಿಯವನೊಂದಿಗೆ ಟ್ರಂಕು ಹತ್ತಿಸುತ್ತಿದ್ದ, ಅತ್ತಿಗೆ ಒಳಗೆ ಹಾಸಿಗೆ ಬಿಚ್ಚುತ್ತಿದ್ದಳು. ಸುಲೋಚನಾ ಕಿಟಕಿಯ ಪಕ್ಕ ಕೂತಿದ್ದಳು. ಅವನನ್ನು ದೂರದಿಂದಲೇ ಕಂಡಿದ್ದಳು ಅಂತ ಅವಳ ಮುಖವೇ ಹೇಳುತ್ತಿತ್ತು.

ಪಟ್ಟಾಭಿ ಪೊಟ್ಟಣ ಚಾಚಿದ. "ಪುಡಿ ಮರೆತಿದ್ರಿ."

"ಮರೆತಿದ್ದಲ್ಲ."

ಇಬ್ಬರೂ ಪೊಟ್ಟಣವನ್ನೇ ನೋಡಿದರು. ಪ್ಲಾಟ್‌ಫಾರ್ಮಿನ ತುದಿಯಲ್ಲಿ ಗಾರ್ಡ್ ಸೀಟಿ ಊದಿದ.

"ಒಂದು ಮಾತು," ಅಂದ ಪಟ್ಟಾಭಿ. "ಬರ್ತೀನಿ ಅಂತ ಮಾತ್ರ ಅನ್ಬೇಡಿ."

"ಅನ್ನಲ್ಲ."

ಅವಳು ಕಿಟಕಿಯ ಸರಳುಗಳ ನಡುವಿನಿಂದ ಕೈ ಚಾಚಿ, ಪೊಟ್ಟಣವನ್ನು ಅವನ ಬೆರಳುಗಳ ಸಮೇತ ಹಿಡಿದು, ಮೆಲ್ಲಗೆ ಅವನ ಎದೆಗೇ ಒತ್ತಿದಳು. ಬೋಗಿ ಜಗ್ಗಿತು.

"ಅಲ್ಲಿಗೇ ತಂದುಕೊಡು. ಸೂರತ್‌ಗೆ ಬಾರೋ."

ಟಾಂಗಾ ಹೋದ ದಿನದಿಂದ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕಣ್ಣು ಮಂಜಾಗಿ, ರೈಲಿನ ಜೊತೆ ನಾಲ್ಕು ಹೆಜ್ಜೆ ಓಡಿದ. ಈ ಸಲ ವ್ಯಾಕರಣ ತಪ್ಪಲಿಲ್ಲ.

"ಬರ್ತೀನಿ ಕಣೇ!"

ಒಳಗೆ ಅತ್ತಿಗೆ ಬೆಚ್ಚಿ ಕತ್ತು ತಿರುಗಿಸಿದಳು. ತಿರುಗಿಸಲಿ. ಹೊರಟವಳು ಅವಳು, ಇವನು ಎಲ್ಲಿಗೂ ಹೊರಟಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಉಳಿದವನು ಬರ್ತೀನಿ ಅಂದರೆ ಅದಕ್ಕೆ ಬರುವುದು ಅನ್ನುವ ಅರ್ಥ ಒಂದೇ. ಅದು ಸುಲೋಚನಾಗೂ ಹೊಳೆಯಿತು. ದೂರವಾಗುತ್ತಿದ್ದ ಕಿಟಕಿಯಿಂದ ಮುಖ ಹೊರಗೆ ಹಾಕಿ, ಅಳುತ್ತ ನಗುತ್ತ, ಒಂದು ಕಣ್ಣು ಮುಚ್ಚಿ ಅವನಿಗೆ ಗುರಿ ಹಿಡಿದಳು.

ಪಟ್ಟಾಭಿ ಪೊಟ್ಟಣ ಎದೆಗೆ ಹಿಡಿದು ಬಯಲಲ್ಲೇ ನಿಂತಿದ್ದ. ಈ ಸಲ ಅವನು ತಲೆ ಬಗ್ಗಿಸಲಿಲ್ಲ.