ಗಟ್ಟಿ ಸೀಸದ ಗುಂಡು

೧೯೮೩ರ ಫೆಬ್ರವರಿ ೧೩, ಭಾನುವಾರ. ಬೆಳಿಗ್ಗೆ ಎಂಟೂವರೆಗೆ ಪೀಣ್ಯ ಠಾಣೆಯ ಮೆಟ್ಟಿಲು ಹತ್ತಿದ ನರಸಪ್ಪನ ಅಂಗಿಯ ತುಂಬ ರಕ್ತವಿತ್ತು. ಅದು ಅವನದಲ್ಲ, ಅವನ ಹೆಂಡತಿ ಭದ್ರಮ್ಮನದು.

“ನಮ್ಮಣ್ಣ ಸುಟ್ಟಾಕ್ಬುಟ್ಟ ಸ್ವಾಮಿ. ಅನುಮಂತ್ರಾಯಪ್ಪ. ಮೊದ್ಲು ಬರ್ಕಳಿ.”

ಇನ್‌ಸ್ಪೆಕ್ಟರ್ ಜಯಸಿಂಹ ಅವನನ್ನು ಕೂರಿಸಿ ನೀರು ಕೊಡಿಸಿದರು. ಮಾತು ಹಿಂದುಮುಂದಾಗಿ ಬಂದರೂ ಸಂಗತಿ ಇಷ್ಟು. ಬೆಳಕು ಹರಿಯುವ ಹೊತ್ತಿಗೆ ಭದ್ರಮ್ಮ ಬಾಗಲಗುಂಟೆಯ ಹಿಂದಿನ ನೀಲಗಿರಿ ತೋಪಿಗೆ ಪುಳ್ಳೆ ಆರಿಸಲು ಹೋಗಿದ್ದಳು. ಗುಂಡಿನ ಸದ್ದು ಕೇಳಿತು. ಹಟ್ಟಿಯಲ್ಲಿ ಹಾಲು ಕರೆಯುತ್ತಿದ್ದ ನರಸಪ್ಪ ಕರುವಿಗೆ ಹಾಲು ಬಿಟ್ಟು, ಪಾತ್ರೆ ಒಳಗಿಟ್ಟು, ಆಮೇಲೆ ಹುಡುಕುತ್ತ ಹೋದಾಗ ಅವಳು ತೊಡೆಗೆ ಗುಂಡು ತಗುಲಿ ಪ್ರಜ್ಞೆ ತಪ್ಪಿ ಬಿದ್ದಿದ್ದಳು. ಹಾಲಿನ ವ್ಯಾನಿಗೆ ಅಡ್ಡ ನಿಂತು ದೊಡ್ಡಾಸ್ಪತ್ರೆಗೆ ಸಾಗಿಸಿದ್ದ.

“ನಿಮ್ಮಣ್ಣನೇ ಅಂತ ಹೇಗೆ ಹೇಳ್ತೀಯ? ಕಣ್ಣಾರೆ ನೋಡಿದ್ಯಾ?”

“ನೋಡ್ಬೇಕಾ ಸ್ವಾಮಿ? ಬದುವಿನ ಮೇಲಿನ ಒಂಗೆ ಮರಕ್ಕೆ ಕೊಡಲಿ ಆಕುದ್ರೆ ಸುಟ್ಟಾಕ್ತೀನಿ ಅಂತ ನಿನ್ನೆ ಸಂಜೆ ಊರೋರ ಮುಂದೆ ಅಂದ. ಇವತ್ತು ಮಾಡ್ದ. ನಮ್ಮೂರಾಗೆ ಬಂದೂಕ ಇರೋದು ಅವ್ನೊಬ್ಬನ ತಾವ.”

ಕೊಲೆ ಯತ್ನವೆಂದು ಎಫ್‌ಐಆರ್ ದಾಖಲಾಯಿತು. ಜಯಸಿಂಹ ಜೀಪು ತೆಗೆಸಿದರು.

ತೋಪಿನಲ್ಲಿ ಸ್ಥಳ ಪಂಚನಾಮೆ ಮುಗಿಸಿ ಅವರು ಹನುಮಂತರಾಯಪ್ಪನ ಮನೆಗೆ ಹೋದರು. ಆತ ಜಗಲಿಯ ಮೇಲೆ ಕೂತಿದ್ದ, ಓಡಿಹೋಗಿರಲಿಲ್ಲ. ಬೆಳೆ ಕಾಯಲು ಸರ್ಕಾರ ಪರವಾನಗಿ ಕೊಟ್ಟ ಹಳೆಯ ಒಂಟಿನಳಿಗೆ ಬಂದೂಕು ಗೋಡೆಗೆ ಆತುಕೊಂಡಿತ್ತು. ಕಾನ್‌ಸ್ಟೇಬಲ್ ಮುನಿಯಣ್ಣ ಅದರ ಬಾಯಿ ಮೂಸಿ ನೋಡಿ ತಲೆಯಾಡಿಸಿದ. ಮದ್ದಿನ ವಾಸನೆ ಇನ್ನೂ ಇತ್ತು.

“ಯಾವಾಗ ಹಾರಿಸಿದ್ದು?”

“ಸುಕ್ರವಾರ, ಒಲಕ್ಕೆ ನುಗ್ಗಿದ ಕಾಡಂದಿಗೆ. ಚಿಲ್ಲರೆ ಗುಂಡು ಸ್ವಾಮಿ, ಓಡ್ಸಕ್ಕೆ. ಒಂಟಿ ಗುಂಡು ಈ ಬಂದೂಕಿಗೆ ಆಗಾಕಿಲ್ಲ.”

“ತಮ್ಮನಿಗೆ ಸುಟ್ಟಾಕ್ತೀನಿ ಅಂದಿದ್ದು ನಿಜವಾ?”

“ಅಂದೆ.” ಮುದುಕ ನೆಲ ನೋಡಿದ. “ಬಾಯಿ ಅನ್ನಾದು ಬಾವಿ ಇದ್ದಂಗೆ ಸ್ವಾಮಿ, ಮುಚ್ಚಳ ಇಲ್ಲ. ಆದ್ರೆ ಭದ್ರಿನ ಎಣ್ಣು ನೋಡಿ ಈ ಮನೆಗೆ ತಂದೋನೇ ನಾನು. ಅವ್ಳ ಮೇಲೆ ಕೈ ಏಳ್ತದಾ?”

ಜೀಪು ಹತ್ತಿಸುವಾಗ ಊರಿಗೆ ಊರೇ ನಿಂತು ನೋಡಿತು. ಒಂದೇ ಹಟ್ಟಿಯ ಎರಡು ಬಾಗಿಲುಗಳಲ್ಲಿ ಹೆಂಗಸರು ಬೇರೆಬೇರೆಯಾಗಿ ಅಳುತ್ತಿದ್ದರು. ಈ ಮೊಕದ್ದಮೆ ಕೋರ್ಟಿನಲ್ಲಿ ಸಾಬೀತಾದರೆ ಮುದುಕ ಜೈಲು ಸೇರುತ್ತಾನೆ, ಎರಡು ಬಾಗಿಲ ನಡುವೆ ಮೂರು ತಲೆಮಾರು ಮಾತಿರುವುದಿಲ್ಲ ಎಂದು ಜಯಸಿಂಹರಿಗೆ ಅನ್ನಿಸಿತು. ಅನ್ನಿಸಿದ್ದನ್ನು ಪಂಚನಾಮೆಯಲ್ಲಿ ಬರೆಯಲು ಬರುವುದಿಲ್ಲ.

ಮಧ್ಯಾಹ್ನ ಆಸ್ಪತ್ರೆಯಲ್ಲಿ ಡಾಕ್ಟರ್ ಪಂಕಜಾ ಒಂದು ಗಾಜಿನ ಸೀಸೆ ಮುಂದಿಟ್ಟರು. ಒಳಗೆ ಹೆಬ್ಬೆರಳ ತುದಿಯಷ್ಟು ದಪ್ಪದ ಒಂದೇ ಗುಂಡು.

“ಬದುಕ್ತಾರಾ ಡಾಕ್ಟ್ರೇ?”

“ಬದುಕ್ತಾರೆ. ನಡೀತಾರೆ ಕೂಡ. ಆದ್ರೆ ಎರಡು ವಿಷಯ ನಿಮಗೆ ಹೇಳ್ಬೇಕು. ಗುಂಡಿಗೆ ಅಂಟಿರೋ ಈ ಕಂದು ಕೂದಲು ಮನುಷ್ಯರದ್ದಲ್ಲ. ಇನ್ನೊಂದು, ಗಾಯಕ್ಕೆ ಯಾರೋ ಇದನ್ನ ತುರುಕಿ ಬಿಗಿಯಾಗಿ ಕಟ್ಟಿದ್ರು. ಕಟ್ಟದೇ ಇದ್ದಿದ್ರೆ ಇಲ್ಲಿಗೆ ಬರ್ತಿದ್ದದ್ದು ಹೆಣ.”

ಟ್ರೇಯಲ್ಲಿ ಒಂದು ಕರ್ಚೀಫು, ರಕ್ತ ಮೆತ್ತಿದ ನೂಲಿನ ಸಿಕ್ಕು. ಯಂತ್ರದ ಎಣ್ಣೆಯ ವಾಸನೆ ಮೂಗಿಗೆ ಹೊಡೆಯಿತು. ಕಾರ್ಖಾನೆಯಲ್ಲಿ ಕೈ ಒರೆಸುವ ವೇಸ್ಟು.

ವರಾಂಡದಲ್ಲಿದ್ದ ನರಸಪ್ಪನನ್ನು ಕರೆದು ಕೇಳಿದರು.

“ನಾ ಕಟ್ಲಿಲ್ಲ ಸ್ವಾಮಿ. ನಾ ಓದಾಗ್ಲೇ ಕಟ್ಟಿತ್ತು. ಅವ್ಳೇ ಕಟ್ಕಂಡವ್ಳೆ ಅಂದ್ಕಂಡೆ.”

“ನಿಮ್ಮನೇಲಿ ಯಾರಾದ್ರೂ ಕಾರ್ಖಾನೆಗೆ ಹೋಗ್ತಾರಾ?”

“ಇಲ್ಲ. ನಾವು ದನ ಕಟ್ಕಂಡೋರು.”

ಜಯಸಿಂಹ ತೋಪಿಗೆ ವಾಪಸಾದರು. ಭದ್ರಮ್ಮ ಬಿದ್ದ ಜಾಗದಿಂದ ನೇರ ಹಿಂದಕ್ಕೆ, ಲಂಟಾನದ ಪೊದೆಗಳತ್ತ ಮುನಿಯಣ್ಣನನ್ನು ನುಗ್ಗಿಸಿದರು. ಬಾಗಲಗುಂಟೆಯವನೇ ಆದ ಮುನಿಯಣ್ಣ ಮುಳ್ಳಿಗೆ ಬೈಯುತ್ತ ಒಳಹೋಗಿ, ಸ್ವಲ್ಪ ಹೊತ್ತಿನ ಮೇಲೆ ಬೇರೆಯೇ ದನಿಯಲ್ಲಿ ಕೂಗಿದ.

“ಸಾರ್, ಇಲ್ಲಿ ಜಿಂಕೆ ಸತ್ ಬಿದ್ದದೆ.”

ಗಂಡು ಜಿಂಕೆ. ಎಡ ಪಕ್ಕೆಯಲ್ಲಿ ತೂತು, ಬಲ ಪಕ್ಕೆಯಲ್ಲೂ ತೂತು. ಗುಂಡು ಒಳಗೆ ನಿಲ್ಲದೆ ಆಚೆ ಬಂದು, ಪೊದೆಯಾಚೆ ಬಗ್ಗಿ ಪುಳ್ಳೆ ಆರಿಸುತ್ತಿದ್ದವಳ ತೊಡೆ ಹೊಕ್ಕಿತ್ತು. ಅವಳಿಗೆ ಯಾರೂ ಗುರಿಯಿಟ್ಟಿರಲಿಲ್ಲ. ಎರಡನೆಯ ಪಂಚನಾಮೆ ಬರೆಯುವಾಗ ಜಯಸಿಂಹರ ಎದೆಯ ಭಾರ ಅರ್ಧ ಇಳಿದಿತ್ತು. ಅರ್ಧವಷ್ಟೇ. ಜಿಂಕೆಯನ್ನು ಮುದುಕನೇ ಹೊಡೆದಿರಬಹುದಲ್ಲ?

ಸಂಜೆ ಠಾಣೆಯಲ್ಲಿ ಪಂಚರನ್ನು ಕೂರಿಸಿಕೊಂಡು, ಪಕ್ಕದ ವರ್ಕ್‌ಶಾಪಿನಿಂದ ವರ್ನಿಯರ್ ತರಿಸಿ ಬಂದೂಕಿನ ಬಾಯಿ ಅಳೆದರು. ತುದಿಗೆ ಬರುವಾಗ ನಳಿಗೆ ಕಿರಿದಾಗುತ್ತಿತ್ತು. ಕಾಳಿನಂಥ ಚಿಲ್ಲರೆ ಗುಂಡುಗಳು ಚೆದುರದಿರಲೆಂದು ಹಾಗೆ ಮಾಡಿರುತ್ತಾರೆ. ಸೀಸೆಯಲ್ಲಿದ್ದ ಗುಂಡು ಅದಕ್ಕಿಂತ ದಪ್ಪ. ಆ ಬಾಯಿಯಲ್ಲಿ ನುಗ್ಗಿ ಬಂದಿದ್ದರೆ ಮೈ ಸವೆದಿರಬೇಕಿತ್ತು. ಆದರೆ ಮಾಡಿದವನು ಇದರ ಮೈಮೇಲೆ ಕೊರೆದ ಓರೆ ಗೀರುಗಳು ಸವೆಯದೆ ಹೊಸದರಂತಿದ್ದವು. ಮುದುಕ ಹೇಳಿದ್ದು ಸುಳ್ಳಲ್ಲ.

ಗುಂಡನ್ನು ತಿರುಗಿಸಿದಾಗ ಬುಡದಲ್ಲಿ ಇನ್ನೊಂದು ಗುರುತು ಕಂಡಿತು. ನಟ್ಟನಡುವೆ ಇರಬೇಕಾದ್ದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದ ಚಿಕ್ಕ ಗುಳಿ.

“ಇದು ಸೆಂಟರು ತೂತು ಸಾರ್,” ಎಂದ ಮುನಿಯಣ್ಣ. “ಲೇತಿಗೆ ಹಾಕಿ ಕಡೆಯೋ ಮುಂಚೆ ಸೆಂಟರು ಹೊಡೀದೆ ನಮ್ಮ ಪೀಣ್ಯದೋರಿಗೆ ಕೈಯೇ ಓಡಲ್ಲ.”

“ಗುಂಡಿಗೆ ಆ ತೂತು ಯಾಕೆ ಬೇಕು?”

“ಬೇಡ. ಅಭ್ಯಾಸ ಸಾರ್.” ಅವನು ಗುಂಡನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ನಾಚಿಕೊಂಡವನಂತೆ ಹೇಳಿದ: “ಲೇತೂ ಬಂದೂಕೂ ಎರಡೂ ಇಟ್ಕೊಂಡಿರೋನು ಇಲ್ಲಿ ಒಬ್ಬನೇ. ಆಯುಧಪೂಜೆ ದಿನ ಲೇತ್ ಮೇಲೆ ಬಂದೂಕು ಇಟ್ಟು ಕುಂಬಳಕಾಯಿ ಒಡೀಲಿಲ್ವಾ? ನಾವೇ ಹೋಗಿ ಪುರಿ, ಕಡಲೆ ತಿಂದ್ಕೊಂಡು ಬಂದ್ವಲ್ಲ ಸಾರ್.”

“ಶ್ಯಾಮಣ್ಣ,” ಎಂದರು ಜಯಸಿಂಹ. ಅವರೂ ತಿಂದಿದ್ದರು.

ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅವರು ಶ್ಯಾಮಣ್ಣನ ವರ್ಕ್‌ಶಾಪಿಗೆ ಹೋದರು. ಲೇತ್ ಓಡುತ್ತಿತ್ತು. ಕಪಾಟಿನಲ್ಲಿ ಗುರಿ ಸ್ಪರ್ಧೆಗಳಲ್ಲಿ ಗೆದ್ದ ಕಪ್ಪುಗಳು. ರಾತ್ರಿ ನಿದ್ದೆಯಿಲ್ಲದ ಕಣ್ಣಿನ ಶ್ಯಾಮಣ್ಣ ಸ್ಟೂಲು ಎಳೆದು ಕೊಟ್ಟ.

“ಒಂದು ಸಲಹೆ ಬೇಕಿತ್ತು ಶ್ಯಾಮಣ್ಣನವರೇ. ಜಿಂಕೆಗೆ ಎಂಥ ಗುಂಡು?”

“ಈಗ ಬೇಟೆ ನಿಷೇಧ ಅಲ್ವಾ ಸಾರ್?”

“ಹಿಂದಿನೋರು ಏನು ಆರಿಸ್ತಿದ್ರು?”

“ಮೆತ್ತನೆ ಸೀಸ. ಬಡಿದ ತಕ್ಷಣ ಅಗಲ ಆಗುತ್ತೆ. ಹೆಚ್ಚಾಗಿ ಮೈಯೊಳಗೇ ನಿಲ್ಲುತ್ತೆ.”

“ಗುರಿ ಹಲಗೆಗೆ?”

“ಗಟ್ಟಿ ಸೀಸ. ಆಕಾರ ಕೆಡಲ್ಲ, ನೇರ ಹೋಗುತ್ತೆ.”

“ನೀವು ಮಾಡೋದು?”

“ಗಟ್ಟೀದೇ ಸಾರ್. ಮೆತ್ತನೆ ಸೀಸ ಲೇತಲ್ಲಿ ಟೂಲಿಗೆ ಮೆತ್ಕೊಂಡ್ಬಿಡುತ್ತೆ.”

ಜಯಸಿಂಹ ಟ್ರೇಯಲ್ಲಿ ಸಿದ್ಧವಾಗಿದ್ದ ಹಿತ್ತಾಳೆ ಪಿನ್ನೊಂದನ್ನು ಎತ್ತಿ ತಿರುಗಿಸಿದರು. ಬುಡದಲ್ಲಿ ಅದೇ ಗುಳಿ, ಅದೇ ದಿಕ್ಕಿಗೆ ಕೂದಲೆಳೆಯಷ್ಟು ಸರಿದದ್ದು. ಜೇಬಿನಿಂದ ಸೀಸೆ ತೆಗೆದು ಪಿನ್ನಿನ ಪಕ್ಕ ಇಟ್ಟರು. ಶ್ಯಾಮಣ್ಣ ಎರಡನ್ನೂ ನೋಡಿದ. ಹೋಗಿ ಲೇತಿನ ಸ್ವಿಚ್ಚು ಆರಿಸಿದ. ಶೆಡ್ಡು ಒಮ್ಮೆಲೇ ನಿಶ್ಶಬ್ದವಾಯಿತು.

“ಆಯಮ್ಮ ಉಳಿದ್ರಾ ಸಾರ್?”

“ಉಳಿದಿದಾರೆ.”

ಅವನು ಸ್ಟೂಲಿನ ಮೇಲೆ ಕುಸಿದು, ಎಣ್ಣೆಗೈಯಲ್ಲೇ ಮುಖ ಮುಚ್ಚಿಕೊಂಡು ಅತ್ತ.

“ವೇಸ್ಟು ತುರುಕಿ, ಕರ್ಚೀಫಲ್ಲಿ ಕಟ್ಟಿದೆ. ಗಂಡ ಕೂಗ್ತಾ ಬರೋದು ಕೇಳಿಸ್ತು. ಭಯ ಆಯ್ತು. ಓಡಿಬಿಟ್ಟೆ.”

ಬಂದೂಕು, ಉಳಿದ ಗುಂಡುಗಳು ಮತ್ತು ಹಿತ್ತಾಳೆ ಪಿನ್ನು ಜಪ್ತಿಯಾದವು. ದಸ್ತಗಿರಿ, ಬೆಳಿಗ್ಗೆ ಹತ್ತು ಗಂಟೆ. ಕೊಲೆ ಯತ್ನದ ಕಲಂ ಬಿಟ್ಟು, ನಿರ್ಲಕ್ಷ್ಯದಿಂದ ತೀವ್ರ ಗಾಯ ಮತ್ತು ವನ್ಯಜೀವಿ ಕಾಯ್ದೆಯ ಕಲಂಗಳನ್ನು ಹಾಕಲು ವರದಿ ಹೋಯಿತು. ಹನುಮಂತರಾಯಪ್ಪ ಅಂದೇ ಹೊರಬಂದ.

ಶ್ಯಾಮಣ್ಣನಿಗೆ ಮಾಂಸದ ಆಸೆಯಿರಲಿಲ್ಲ, ಅವನು ಮೊಟ್ಟೆಯನ್ನೂ ಮುಟ್ಟದವನು. ಗುರಿಕಾರರ ಕ್ಲಬ್ಬಿನಲ್ಲಿ ಫಾರಿನ್ ತೋಟಾ ತರಿಸುವವರ ಎದುರು ತನ್ನ ಗುಂಡೇ ಮೇಲೆಂದು ಹಲಗೆಯ ಮೇಲೆ ತೋರಿಸಿದ್ದ. ಅವರು ನಕ್ಕಿದ್ದರು: “ಕಾಗದಕ್ಕೆ ತೂತು ಮಾಡೋಕೆ ಪೆನ್ಸಿಲ್ ಸಾಕು ಶ್ಯಾಮಣ್ಣ. ಒಂದು ಜಿಂಕೆ ಬೀಳ್ಸಿ ತೋರ್ಸು.” ಆ ನಗು ಅವನ ಕಿವಿಯಲ್ಲಿ ಒಂದು ವರ್ಷ ಓಡಿತು.

ಬುಧವಾರ ಭದ್ರಮ್ಮನ ಹೇಳಿಕೆ ಪಡೆಯಲು ಜಯಸಿಂಹ ವಾರ್ಡಿಗೆ ಹೋದಾಗ, ಅಣ್ಣ ತಂದ ಬುತ್ತಿಯಿಂದ ತಮ್ಮ ಮುದ್ದೆ ಮುರಿಯುತ್ತಿದ್ದ. ಮಾತೇನೂ ಇರಲಿಲ್ಲ. ಆದರೆ ಸಾರಿನ ಪಾತ್ರೆ ಒಂದೇ ಇತ್ತು.

“ನಿಮಗೆ ಏನು ನೆನಪಿದೆ ಅಮ್ಮ?”

“ಒಂದು ದನಿ ನೆಪ್ಪದೆ ಸ್ವಾಮಿ. ‘ಅಕ್ಕಾ, ಕಣ್ ಮುಚ್ಬೇಡ’ ಅಂತ ಅಳ್ತಾ ಇತ್ತು. ಅವ್ನೇನಾ?”

“ಅವನೇ.”

ಅವಳು ಮೊಣಕೈ ಊರಿ ತುಸು ಮೇಲೆದ್ದಳು.

“ಗುಂಡು ಒಡ್ದೋನೂ ಅವ್ನೇ, ಗಾಯ ಕಟ್ಟಿದೋನೂ ಅವ್ನೇ. ಎಲ್ಡೂ ಬರ್ಕಳಿ ಸ್ವಾಮಿ. ಒಂದು ಬರ್ದು ಒಂದು ಬಿಡ್ಬ್ಯಾಡಿ.”

ಜಯಸಿಂಹ ಎರಡನ್ನೂ ಬರೆದು ಓದಿ ಹೇಳಿದರು. ಭದ್ರಮ್ಮ ಹೆಬ್ಬೆಟ್ಟು ಒತ್ತಿದಳು.